ಖಿತಿಲೋವಾಗೆ ಹಾರ ತುರಾಯಿ ಬೇಡ

ಮಾನ್ಯರೇ,

ಝೆಕ್ ನಿರ್ದೇಶಕಿ ವೇರಾ ಖಿತಿಲೋವಾ ಕುರಿತ ನಿಮ್ಮ ಲೇಖನ ಓದಿದೆ. ಈಗಿರುವಂತೆ ಪ್ರಕಟಿಸಲಾರೆವು. ಶ್ರಮಪಟ್ಟು ಓದಿಕೊಂಡಿದ್ದೀರಿ, ಭಾಷೆಯೂ ಹದವಾಗಿದೆ. ಆದರೆ ಮೊದಲ ಪುಟಗಳೆಲ್ಲ ಹುಟ್ಟೂರು, ಓದು, ಪ್ರಶಸ್ತಿಗಳಿಗೇ ಖರ್ಚಾದವು, ಉಳಿದದ್ದು ಸನ್ಮಾನಪತ್ರ. 'ದಿಟ್ಟ ಮಹಿಳೆ' ಎಂದು ಪುಟಕ್ಕೊಮ್ಮೆ ಹೇಳುತ್ತೀರಿ, ಆ ದಿಟ್ಟತನವನ್ನು ಎಲ್ಲಿಯೂ ತೋರಿಸುವುದಿಲ್ಲ.

ಅವರ 'ಡೈಸೀಸ್' (1966) ಚಿತ್ರ ನೋಡಿದ್ದೇನೆ ಎಂದಿದ್ದೀರಿ. ಹಾಗಾದರೆ ಆ ಔತಣದ ದೃಶ್ಯ ಎಲ್ಲಿ ಹೋಯಿತು? ಯಾರಿಗೋ ಅಣಿಮಾಡಿಟ್ಟ ಊಟಕ್ಕೆ ಇಬ್ಬರು ಹುಡುಗಿಯರು ನುಗ್ಗುತ್ತಾರೆ. ಕೈಯಲ್ಲೇ ಬಾಚಿ ತಿಂದು, ಕೇಕ್ ಎರಚಾಡಿ, ಪರದೆ ಸುತ್ತಿಕೊಂಡು ಮೇಜಿನ ಮೇಲೆ ಭಕ್ಷ್ಯಗಳನ್ನು ತುಳಿಯುತ್ತ ಫ್ಯಾಷನ್ ಷೋ ನಡೆಸುತ್ತಾರೆ. 1967ರಲ್ಲಿ ಝೆಕೊಸ್ಲೊವಾಕಿಯಾದ ಸಂಸತ್ತಿನಲ್ಲಿ 21 ಸದಸ್ಯರ ಪರವಾಗಿ ಒಬ್ಬರು ಎದ್ದು ಈ ಚಿತ್ರದ ಮೇಲೆ ಹರಿಹಾಯ್ದರು. ಆಹಾರ ಪೋಲಾಯಿತೆಂಬುದೂ ಅವರ ದೂರು! ತುಳಿದ ಸೊಪ್ಪಿಗಷ್ಟೇ ಸಿಟ್ಟಾಗುವವರಿಗೆ ಈ ಚಿತ್ರ ಅರ್ಪಣೆ ಎಂಬ ಅರ್ಥದ ಸಾಲು ಚಿತ್ರದ ಕೊನೆಯಲ್ಲಿ ಆಗಲೇ ಇತ್ತು. ನಿಮ್ಮ ಲೇಖನ ಶುರುವಾಗಬೇಕಾದದ್ದು ಇಲ್ಲಿಂದ.

1968ರ ಸೋವಿಯತ್ ದಾಳಿಯ ನಂತರದ ವರ್ಷಗಳನ್ನು 'ನಿಷೇಧ ಹೇರಲಾಯಿತು' ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಹೇರಿದ್ದು ಹೇಗೆ? ಚಿತ್ರೋದ್ಯಮ 1945ರಿಂದಲೇ ಸರ್ಕಾರದ ಕೈಯಲ್ಲಿತ್ತು, ಖಾಸಗಿ ನಿರ್ಮಾಪಕರೆಂಬವರೇ ಇರಲಿಲ್ಲ. ಕಥಾಚಿತ್ರಗಳನ್ನು ಮಾಡುತ್ತಿದ್ದ ಪ್ರಾಗ್‌ನ ಸರ್ಕಾರಿ ಬರಾಂಡೊವ್ ಸ್ಟುಡಿಯೊ ಕೆಲಸ ಕೊಡದಿದ್ದರೆ ಸಾಕು, ಬಾಗಿಲು ಮುಚ್ಚಿದಂತೆಯೇ. ಆಗ ಖಿತಿಲೋವಾ ಛಾಯಾಗ್ರಾಹಕ ಪತಿ ಯಾರೊಸ್ಲಾವ್ ಕುಚೆರಾ ಹೆಸರಿನಲ್ಲಿ ಜಾಹೀರಾತು ಚಿತ್ರಗಳನ್ನು ಮಾಡಿದರು. 1975ರಲ್ಲಿ ಅಧ್ಯಕ್ಷ ಹುಸಾಕ್‌ಗೇ ಪತ್ರ ಬರೆದರು. ಪತ್ರದ ವಿಷಯ ನಿಮ್ಮಲ್ಲೂ ಇದೆ. ತನಗೆ ಸಮಾಜವಾದದಲ್ಲಿ ನಂಬಿಕೆಯಿದೆ ಎಂದು ಅವರು ಅದರಲ್ಲಿ ವಾದಿಸಿದ್ದನ್ನು ಮಾತ್ರ ಮೆಲ್ಲಗೆ ಕೈಬಿಟ್ಟಿದ್ದೀರಿ. ಮುಜುಗರವಾಯಿತೇ? ಮನಸಾರೆ ಬರೆದರೋ, ಕೆಲಸ ಗಿಟ್ಟಲೆಂದು ಬರೆದರೋ, ಓದುಗರೇ ತಲೆ ಕೆಡಿಸಿಕೊಳ್ಳಲಿ ಬಿಡಿ. ಸರ್ಕಾರದೊಂದಿಗೆ ಹೀಗೆ ಜಗ್ಗಾಡಿ ಕೆಲಸ ಕಿತ್ತುಕೊಂಡ ಹೆಂಗಸು ನಿಮ್ಮ ಹುತಾತ್ಮೆಗಿಂತ ಎಷ್ಟೋ ಪಾಲು ಸ್ವಾರಸ್ಯದವರು. ಪತ್ರ ಬರೆದ ಮರುವರ್ಷ ಅವರ 'ಆಪಲ್ ಗೇಮ್' ಚಿತ್ರ ತಯಾರಾಯಿತು, ಅದೂ ಬರಾಂಡೊವ್‌ನಲ್ಲಲ್ಲ, ಕಿರುಚಿತ್ರಗಳ ಸ್ಟುಡಿಯೊದಲ್ಲಿ.

'ಪ್ಯಾನೆಲ್ ಸ್ಟೋರಿ'ಯ ಕಟ್ಟಿ ಮುಗಿಯದ ಪ್ರಾಗ್ ಬಡಾವಣೆ, ಅಲ್ಲಿನ ಕೆಸರು ಕುರಿತ ಪ್ಯಾರಾ ಚೆನ್ನಾಗಿದೆ, ಅದನ್ನು ಮುಟ್ಟಬೇಡಿ. ಪ್ರಶಸ್ತಿಗಳ ಪಟ್ಟಿ ತೆಗೆಯಿರಿ. ಒಟ್ಟು ಅರ್ಧಕ್ಕೆ ಇಳಿಸಿ ಕಳಿಸಿದರೆ ಮತ್ತೆ ಓದುತ್ತೇನೆ.

ಸಂಪಾದಕ