ಎಕ್ಸ್‌ರೇಯಲ್ಲಿ ‘ಮೂಳೆ ಬೆಳೆದಿದೆ’ ಅಂತ ಬಂದರೆ ಆಪರೇಷನ್ ಮಾಡಿಸಲೇಬೇಕಾ?

ನಿಮ್ಮ ಅಪ್ಪನಿಗೆ 61, ಸೊಂಟನೋವಿಗೆ ಎಕ್ಸ್‌ರೇ ತೆಗೆಸಿದರೆ ಎಲ್‌4-ಎಲ್‌5 (ಸೊಂಟದ ಕೊನೆಯ ಎರಡು ಬೆನ್ನುಮೂಳೆ) ಹತ್ತಿರ ಮೂಳೆ ಬೆಳೆದಿದೆ ಅಂದಿದಾರೆ. ಅದು ಕರಗುತ್ತಾ, ಆಪರೇಷನ್ ಬೇಕಾ, ರಾಗಿ-ಹಾಲು ಬಿಡಿಸಬೇಕಾ ಅಂತ ಕೇಳಿದೀರಿ. ನಾನು ಡಾಕ್ಟರಲ್ಲ. ಮೂಡಿಗೆರೆ ಕಡೆ ಐದು ಎಕರೆ ಕಾಫಿ ಇಟ್ಟುಕೊಂಡವನು, ಅದೇ ಜಾಗದಲ್ಲಿ ಅದೇ ಮೂಳೆ ಇಟ್ಟುಕೊಂಡು ಏಳು ವರ್ಷದಿಂದ ತೋಟ ಸುತ್ತುತ್ತಾ ಇರೋನು.

ಕರಗಲ್ಲ. ಕರಗಿಸ್ತೀನಿ ಅಂದವರೊಬ್ಬರ ಎಣ್ಣೆಗೂ ಪುಡಿಗೂ ಒಂದು ವರ್ಷದ ಮೆಣಸಿನ ದುಡ್ಡು ಸುರಿದಿದೀನಿ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ನನ್ನ ರಿಪೋರ್ಟಲ್ಲಿ ಒಂದು ಸಾಲು ಸವೆತ ಅಂತಿತ್ತು, ಮುಂದಿನ ಸಾಲು ಬೆಳವಣಿಗೆ ಅಂತಿತ್ತು. ಸವೆದಿದ್ದು ಬೆಳೆಯೋದು ಹೇಗೆ ಸಾರ್ ಅಂತ ಹಾಸನದ ಮೂಳೆ ಡಾಕ್ಟರನ್ನ ಕೇಳಿದೆ. ಸವೆಯೋದು ಎರಡು ಮೂಳೆ ನಡುವಿನ ಡಿಸ್ಕಂತೆ. ವಯಸ್ಸಾದ ಹಾಗೆ ಅದರ ನೀರು ಆರಿ ಚಪ್ಪಟೆಯಾಗುತ್ತೆ, ಭಾರ ಮೂಳೆಯ ಅಂಚಿಗೆ ಬೀಳುತ್ತೆ, ಮೈ ತಾನಾಗೇ ಆ ಅಂಚನ್ನ ಅಗಲ ಮಾಡಿಕೊಳ್ಳುತ್ತೆ. ಮರಗಸಿ ಮಾಡುವಾಗ ಕೊಂಬೆ ಕಡಿದ ಕಡೆ ತೊಗಟೆ ಉಬ್ಬಿ ಗಂಟು ಕಟ್ಟುತ್ತಲ್ಲ, ನನಗೆ ಹಾಗೆ ಅರ್ಥವಾಯ್ತು. 60 ದಾಟಿದ ಬಹಳಷ್ಟು ಜನರ ಎಕ್ಸ್‌ರೇಯಲ್ಲಿ ಈ ಗಂಟು ಕಾಣುತ್ತೆ, ಎಷ್ಟೋ ಜನಕ್ಕೆ ನೋವೇ ಇರಲ್ಲ. ಹಾಗಾಗಿ ಫಿಲ್ಮ್ ನೋಡಿ ಹೆದರಬೇಡಿ. ಕ್ಯಾಲ್ಸಿಯಂ ತಿಂದಿದ್ದಕ್ಕೆ ಬರೋದೂ ಅಲ್ಲ, ರಾಗಿ-ಹಾಲು ಬಿಡಿಸಬೇಡಿ. (ಎಲೆಅಡಿಕೆ ಸುಣ್ಣವೇ ಅಲ್ಲಿ ಹೋಗಿ ಕೂತಿದೆ ಅಂತ ನಮ್ಮ ಭಾವ ಈಗಲೂ ವಾದ ಮಾಡ್ತಾರೆ.)

ನೋವು ಯಾವಾಗ ಬರುತ್ತೆ ಅಂತ ಅಪ್ಪನ್ನ ಕೇಳಿದೀರಾ? ನನ್ನ ವಿಷಯದಲ್ಲಿ ಗುಟ್ಟು ಬಿಟ್ಟುಕೊಟ್ಟಿದ್ದೇ ಅದು. ತೋಟದ ಏರು ಹತ್ತುವಾಗ ಏನೂ ಆಗ್ತಿರಲಿಲ್ಲ. ವಾಪಸ್ ಇಳಿಯುವಾಗ ಮಾತ್ರ ಪೃಷ್ಠದಿಂದ ಮೀನಖಂಡದವರೆಗೆ ಎಳೆತ, ಕಾಲು ಜೋಮು. ಸುಮ್ಮನೆ ನಿಂತರೂ ಹೋಗಲ್ಲ. ಬಗ್ಗಿ ಮಂಡಿ ಮೇಲೆ ಕೈ ಊರಿದರೋ, ಒಂದು ಕಲ್ಲಿನ ಮೇಲೆ ಕೂತರೋ ಎರಡು ನಿಮಿಷದಲ್ಲಿ ಮಾಯ. ಎಲ್ಲರೂ ಏರು ಹತ್ತೋಕೆ ಏದುಸಿರು ಬಿಟ್ಟರೆ ಇವರಿಗೆ ಇಳಿಯೋದೇ ಕಷ್ಟ ಅಂತ ಮನೆಯವಳು ನಗ್ತಿದ್ದಳು. ಡಾಕ್ಟರು ನಗಲಿಲ್ಲ. ಏರಿನಲ್ಲಿ ಮೈ ಮುಂದಕ್ಕೆ ಬಾಗುತ್ತೆ, ನರ ಹೋಗೋ ದಾರಿ ಸ್ವಲ್ಪ ತೆರೆಯುತ್ತೆ. ಇಳಿಜಾರಲ್ಲಿ ಬೆನ್ನು ಹಿಂದಕ್ಕೆ ವಾಲುತ್ತೆ, ಈ ಸವೆತ-ಬೆಳವಣಿಗೆಯಿಂದ ಮೊದಲೇ ಕಿರಿದಾದ ದಾರಿ ಇನ್ನೂ ಕಿರಿದಾಗುತ್ತೆ ಅಂದರು. ಎಂಆರ್‌ಐ ಆಮೇಲೆ ಅದನ್ನೇ ಹೇಳಿತು.

ಪಕ್ಕದ ಮನೆಯವರಿಗೆ ಆಗಿಬಂದ ಆಸನ ನಿಮ್ಮಪ್ಪನಿಗೆ ಬೇಡ ಅನ್ನೋದೂ ಇದಕ್ಕೇ. ಒಬ್ಬರು ಹೇಳಿದರು ಅಂತ ನಾನು ಬೆನ್ನು ಹಿಂದಕ್ಕೆ ಬಗ್ಗಿಸೋ ಭುಜಂಗಾಸನ ಶುರು ಮಾಡಿ, ನಾಲ್ಕೇ ದಿನಕ್ಕೆ ರಾತ್ರಿ ಕಾಲು ಚಾಚೋಕೆ ಆಗದ ಹಾಗಾಯ್ತು. ನನಗೆ ಬೇಕಿದ್ದದ್ದು ಅದರ ಉಲ್ಟಾ: ಅಂಗಾತ ಮಲಗಿ ಒಂದೊಂದೇ ಮಂಡಿ ಎದೆಗೆ ಎಳೆಯೋದು, ಮಂಡಿ ಮಡಚಿ ಸೊಂಟ ಎತ್ತೋದು. ಡಿಸ್ಕ್ ಜಾರಿದವರಿಗೆ ಬೇರೆ ಥರ ಇರುತ್ತೆ. ಫಿಸಿಯೋಥೆರಪಿಯವರು ಮುಟ್ಟಿ ನೋಡಿ ಹೇಳಿದ್ದನ್ನೇ ಮಾಡಿಸಿ, ಎರಡು ತಿಂಗಳಾದರೂ ಬಿಡದೆ.

ಉಳಿದಿದ್ದು ಕೆಲಸದ ರೀತಿ. 16 ಲೀಟರ್ ಸ್ಪ್ರೇಯರ್ ತುಂಬಿ ಬೆನ್ನಿಗೆ ಹಾಕೋದು ನಿಲ್ಲಿಸಿದೆ, ಈಗ ಅರ್ಧವೇ. ಹಣ್ಣಿನ ಚೀಲಾನೂ ಅರ್ಧ. ಕಣದಲ್ಲಿ ಕಾಫಿ ಎಳೆಯೋ ಹಲಗೆಗೆ ಒಂದೂವರೆ ಅಡಿ ಹೆಚ್ಚು ಉದ್ದದ ಹಿಡಿ ಹಾಕಿಸಿದೆ. ನೂರೈವತ್ತು ರೂಪಾಯಿ ಖರ್ಚು, ಅಷ್ಟು ಉಪಕಾರ ಯಾವ ಬೆಲ್ಟೂ ಮಾಡಲಿಲ್ಲ. ದಿನಾ ನಡೀತೀನಿ, ನೋವು ಶುರುವಾಗೋಕೆ ಮುಂಚೆ ಒಂದು ಕಡೆ ಕೂತು ಮತ್ತೆ ನಡೀತೀನಿ. ನೋವು ಕೆರಳಿದ ದಿನ ಕೂಡ ಪೂರ್ತಿ ಹಾಸಿಗೆ ಹಿಡಿಯಲ್ಲ.

ನೋವಿನ ಮಾತ್ರೆ ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗೋ ತಪ್ಪು ನಾನು ಮಾಡಿದೆ. ಹೊಟ್ಟೆ ಉರಿ, ಮೇಲೆ ಬಿಪಿ ಬೇರೆ ಏರಿತು. ಅಪ್ಪನಿಗೆ ಬಿಪಿ, ಶುಗರ್, ಕಿಡ್ನಿ ತೊಂದರೆ ಏನಾದರೂ ಇದ್ದರೆ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ.

ಆಪರೇಷನ್ ನನಗೆ ಇನ್ನೂ ಬೇಕಾಗಿಲ್ಲ. ಇಷ್ಟೆಲ್ಲ ಮಾಡಿಯೂ ಹತ್ತು ಹೆಜ್ಜೆ ನಡೆಯೋಕಾಗಲ್ಲ ಅನ್ನೋ ಹಾಗಾದರೆ ನರಕ್ಕೆ ಜಾಗ ಮಾಡಿಕೊಡೋಕೆ ಮಾಡ್ತಾರೆ. ಆದರೆ ಉಚ್ಚೆ-ಕಕ್ಕಸಿನ ಹಿಡಿತ ತಪ್ಪಿದರೆ, ಸೈಕಲ್ ಸೀಟಿಗೆ ತಾಗೋ ಜಾಗ ಮರಗಟ್ಟಿದರೆ, ಪಾದ ಎತ್ತೋಕಾಗದೆ ಚಪ್ಪಲಿ ಜಾರ್ತಾ ಇದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯೇ ದೊಡ್ಡಾಸ್ಪತ್ರೆಗೆ ಹೊರಡಿ. ಬೆನ್ನುನೋವಿನ ಜೊತೆ ಜ್ವರ ಬಂದರೆ, ಕಾರಣವಿಲ್ಲದೆ ತೂಕ ಇಳಿದರೆ ಅದನ್ನೂ ಈ ಮೂಳೆ ತಲೆಗೆ ಕಟ್ಟಬೇಡಿ, ಬೇಗ ತೋರಿಸಿ.

ಬಸ್ಸಲ್ಲಿ ಕರ್ಕೊಂಡು ಹೋಗೋದಾದರೆ ಮಧ್ಯದ ಸೀಟು ಹಿಡಿರಿ. ಹಿಂದಿನ ಚಕ್ರದ ಮೇಲೆ ಕೂತು ಹಾಸನಕ್ಕೆ ಹೊರಟ ನಾನು ಬೇಲೂರಲ್ಲೇ ಇಳಿದು ಮುಂದಿನ ಬಸ್ಸಿಗೆ ಕಾದಿದೀನಿ.