‘ನಿಸ್ಕಾರ ಆಯ್ತು ಉಮ್ಮಾ’ ಅಂತ 11 ವರ್ಷ ಸುಳ್ಳು ಹೇಳಿದೆ

ಪ್ರಶ್ನೆ: ನನಗೆ 34 ವರ್ಷ. ಊರು ಬಂಟ್ವಾಳದ ಹತ್ತಿರ. ಮದುವೆಯಾಗಿ ಬೆಂಗಳೂರಿಗೆ ಬಂದು 11 ವರ್ಷ ಆಯ್ತು. ಕಂಪನಿಯೊಂದರಲ್ಲಿ ಅಕೌಂಟ್ಸ್ ಕೆಲಸ, ಇಬ್ಬರು ಮಕ್ಕಳು. ಊರಲ್ಲಿದ್ದಾಗ ಐದು ಹೊತ್ತಿನ ನಮಾಝ್ ತಪ್ಪಿಸಿದವಳಲ್ಲ. ಇಲ್ಲಿ ಮೊದಲು ಇಳಿಹೊತ್ತಿನ ಅಸರ್ ನಮಾಝ್ ತಪ್ಪಿತು, ಆಮೇಲೆ ಒಂದೊಂದಾಗಿ ಎಲ್ಲವೂ. ಈಗ ರಮಳಾನ್‌ನಲ್ಲಿ ಮಾತ್ರ ಮಾಡುತ್ತೇನೆ. ಆಗ ಆಫೀಸಿನ ಹಳೇ ಫೈಲುಗಳ ರೂಮಿನಲ್ಲಿ ಪೇಪರ್ ಹಾಸಿ ಅಸರ್ ಮಾಡುವುದುಂಟು. ಹಬ್ಬ ಮುಗಿದರೆ ಮುಸಲ್ಲಾ (ನಮಾಝಿನ ಚಾಪೆ) ಮತ್ತೆ ಕಪಾಟು ಸೇರುತ್ತದೆ. ಉಮ್ಮ (ಅಮ್ಮ) ದಿನಾ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿ ‘ನಿಸ್ಕಾರ (ನಮಾಝ್) ಆಯ್ತಾ?’ ಅಂತ ಕೇಳುತ್ತಿದ್ದರು. ‘ಆಯ್ತು ಉಮ್ಮಾ’ ಅನ್ನುತ್ತಿದ್ದೆ. ಆರು ತಿಂಗಳ ಹಿಂದೆ ಉಮ್ಮ ತೀರಿಕೊಂಡರು. ಎರಡು ತಿಂಗಳ ಹಿಂದೆ ನನಗೆ ಗರ್ಭಪಾತವಾಯಿತು. ‘ನಮಾಝ್ ಇಲ್ಲದ ಮನೆಯಲ್ಲಿ ಇನ್ನೇನಾಗುತ್ತೆ’ ಅಂದರು ನಾದಿನಿ. ಆಮೇಲೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಮೆಸೇಜ್ ಕಳಿಸಿದರು. ನಮಾಝ್ ಬಿಟ್ಟವರಿಗೆ 15 ಶಿಕ್ಷೆ, ಕಬರಿನಲ್ಲಿ (ಗೋರಿಯಲ್ಲಿ) ಹಾವು ಅಂತೆಲ್ಲ ಇತ್ತು. ಆ ರಾತ್ರಿ ಕ್ಯಾಲ್ಕುಲೇಟರ್ ಹಿಡಿದು ಕೂತೆ. 4,015 ದಿನ, 20,075 ನಮಾಝ್. ಇದನ್ನು ಯಾವ ಜನ್ಮದಲ್ಲಿ ತೀರಿಸಲಿ? ನಾನಿನ್ನೂ ಮುಸ್ಲಿಮಳೇನಾ?
– ಹೆಸರು ಬೇಡ, ಬೆಂಗಳೂರು

ಉತ್ತರ: ಪ್ರೀತಿಯ ತಂಗಿ, ಅಸ್ಸಲಾಮು ಅಲೈಕುಮ್.

ನೀವು ಕೊನೆಗೆ ಕೇಳಿದ್ದಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ ಮಗುವಿನ ಮಾತು.

ನಿಮ್ಮ ಗರ್ಭ ನಿಲ್ಲದೇ ಹೋದದ್ದು ನೀವು ನಮಾಝ್ ಬಿಟ್ಟ ಕಾರಣಕ್ಕೆ ಅಂತ ಹೇಳುವ ಅಧಿಕಾರ ಭೂಮಿಯ ಮೇಲೆ ಯಾರಿಗೂ ಇಲ್ಲ. ನಿಮ್ಮ ನಾದಿನಿಗಂತೂ ಇಲ್ಲವೇ ಇಲ್ಲ. ಪ್ರವಾದಿ ಮುಹಮ್ಮದ್ (ಸ) ಅವರ ಏಳು ಮಕ್ಕಳಲ್ಲಿ ಆರು ಮಂದಿ ಅವರ ಕಣ್ಣೆದುರೇ ತೀರಿಕೊಂಡರು. ಅವರಿಗಿಂತ ಚೆನ್ನಾಗಿ ನಮಾಝ್ ಮಾಡಿದವರು ಯಾರಿದ್ದಾರೆ ಹೇಳಿ? ಹಿಜರಿ 10ರಲ್ಲಿ ಮಗ ಇಬ್ರಾಹೀಮ್ ತೀರಿಕೊಂಡಾಗ ಆ ಮಗುವಿಗೆ ಎರಡು ವರ್ಷವೂ ತುಂಬಿರಲಿಲ್ಲ. ಅವತ್ತೇ ಸೂರ್ಯಗ್ರಹಣ ಹಿಡಿಯಿತು. ಪ್ರವಾದಿಯವರ ಮಗ ಹೋದದ್ದಕ್ಕೇ ಸೂರ್ಯ ಕಪ್ಪಾದ ಅಂತ ಮದೀನಾದ ಜನ ಮಾತಾಡಿಕೊಂಡರು. ಪ್ರವಾದಿಯವರು ಅದನ್ನು ಒಪ್ಪಲಿಲ್ಲ. ಸೂರ್ಯ ಚಂದ್ರ ಅಲ್ಲಾಹನ ಎರಡು ಕುರುಹುಗಳು, ಯಾರ ಸಾವಿಗೂ ಯಾರ ಹುಟ್ಟಿಗೂ ಅವಕ್ಕೆ ಗ್ರಹಣ ಹಿಡಿಯುವುದಿಲ್ಲ ಅಂದರು. ಮಗನನ್ನು ಕಳೆದುಕೊಂಡ ದಿನವೇ ಜನರ ಕಾರಣಗಳನ್ನು ಬದಿಗೆ ಸರಿಸಿದವರು ಅವರು. ಅವರ ಸಮುದಾಯದವರು ನಾವು, ಇನ್ನೊಬ್ಬರ ಮಡಿಲು ಖಾಲಿಯಾದಾಗ ಕಾರಣ ಹುಡುಕಿ ಕೈಗೆ ಕೊಡುತ್ತೇವೆ. ನನಗೆ ಇದು ತುಂಬ ನೋವಿನ ವಿಷಯ.

ಇನ್ನೊಂದು ಮಾತು ಹೇಳದೆ ಇರಲಾರೆ. ನಿಮ್ಮ ಗಂಡ ಶುಕ್ರವಾರದ ಜುಮಾಕ್ಕೆ ಮಾತ್ರ ಹೋಗುತ್ತಾರೆ ಅಂತ ಪತ್ರದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದೀರಿ. ಅವರ ಮೇಲೂ ಅದೇ ಐದು ಹೊತ್ತು ಕಡ್ಡಾಯ. ಅವರನ್ನು ಯಾರೂ ಏನೂ ಕೇಳಿಲ್ಲ, ಅಲ್ವಾ?

ಆ 15 ಶಿಕ್ಷೆಗಳ ಮೆಸೇಜನ್ನು ಅಳಿಸಿ. ಬದುಕಿರುವಾಗ ಇಷ್ಟು, ಸಾಯುವಾಗ ಮೂರು, ಕಬರಿನಲ್ಲಿ ಮೂರು, ಮತ್ತೆ ಎದ್ದ ಮೇಲೆ ಮೂರು ಅಂತ ಪಟ್ಟಿ ಮಾಡಿರುವ ಆ ಮಾತು ಹದೀಸ್, ಅಂದರೆ ಪ್ರವಾದಿಯವರ ನುಡಿ, ಎಂಬ ಹೆಸರಲ್ಲಿ ಓಡಾಡುತ್ತದೆ. ಇಮಾಂ ದಹಬಿ, ಇಬ್ನ್ ಹಜರ್ ಅಸ್ಖಲಾನಿಯಂಥ ದೊಡ್ಡ ಹದೀಸ್ ವಿದ್ವಾಂಸರು ಎಷ್ಟೋ ನೂರು ವರ್ಷಗಳ ಹಿಂದೆಯೇ ಅದು ಸುಳ್ಳು ಅಂತ ಬರೆದಿಟ್ಟಿದ್ದಾರೆ. ಪ್ರವಾದಿಯವರು ಹೇಳದ್ದನ್ನು ಅವರು ಹೇಳಿದರು ಅಂತ ಹಂಚುವುದೂ ಸಣ್ಣ ತಪ್ಪಲ್ಲ.

ಹಾಗಂತ, ತಂಗಿ, ನಮಾಝ್ ಬಿಟ್ಟರೆ ಏನೂ ಆಗಲ್ಲ ಅಂತ ನಾನು ಹೇಳಿದರೆ ಅದೂ ಸುಳ್ಳೇ. ಹೆದರಿಸಲು ಸುಳ್ಳು ಕಥೆ ಬೇಕಿಲ್ಲ, ಕುರ್‌ಆನಿನ ಮಾತೇ ಸಾಕಷ್ಟು ಭಾರವಾಗಿದೆ. ‘ನಿಮ್ಮನ್ನು ನರಕಕ್ಕೆ ತಂದದ್ದೇನು?’ ಅಂತ ಕೇಳಿದಾಗ ಅಲ್ಲಿರುವವರು ಮೊದಲು ಹೇಳುವ ಮಾತು ‘ನಾವು ನಮಾಝ್ ಮಾಡುವವರಾಗಿರಲಿಲ್ಲ’ ಎಂಬುದು. ಮುದ್ದಸ್ಸಿರ್ ಸೂರಾದಲ್ಲಿ (ಅಧ್ಯಾಯದಲ್ಲಿ) ಇದೆ. ನಮಾಝ್ ಬಗ್ಗೆ ಅಸಡ್ಡೆ ತೋರುವವರಿಗೆ ವಿನಾಶ ಎನ್ನುತ್ತದೆ ಮಾಊನ್ ಸೂರಾ, ನೀವು ಮದ್ರಸದಲ್ಲಿ ಬಾಯಿಪಾಠ ಮಾಡಿರುತ್ತೀರಿ. ಅಂತ್ಯದಿನದಲ್ಲಿ ಮನುಷ್ಯನ ಕರ್ಮಗಳಲ್ಲಿ ಮೊದಲು ಲೆಕ್ಕಕ್ಕೆ ಬರುವುದು ನಮಾಝ್ ಎಂದು ಹದೀಸಿನಲ್ಲಿದೆ. ಮನುಷ್ಯನಿಗೂ ಕುಫ್ರ್‌ಗೂ (ಅವಿಶ್ವಾಸಕ್ಕೂ) ನಡುವೆ ಇರುವುದು ನಮಾಝ್ ಬಿಡುವುದು ಎಂಬ ಮಾತು ಹದೀಸ್ ಸಂಗ್ರಹವಾದ ಸಹೀಹ್ ಮುಸ್ಲಿಮ್‌ನಲ್ಲಿದೆ.

ನಿಮ್ಮ ಕೊನೆಯ ಪ್ರಶ್ನೆ ಹುಟ್ಟಿದ್ದು ಇದೇ ಹದೀಸಿನಿಂದ ಇರಬೇಕು. ಇದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು ಎನ್ನುವುದರಲ್ಲಿ ಇಮಾಮರ ನಡುವೆ ಭಿನ್ನಾಭಿಪ್ರಾಯ ಇದೆ. ಇಮಾಂ ಅಹ್ಮದ್ ಬಿನ್ ಹಂಬಲ್ ಅವರ ಪ್ರಸಿದ್ಧ ಅಭಿಪ್ರಾಯ ಬಹಳ ಕಠಿಣ, ಸೋಮಾರಿತನದಿಂದ ಬಿಟ್ಟರೂ ಇಸ್ಲಾಮಿನಿಂದ ಹೊರಗೆ ಎನ್ನುವಷ್ಟು. ನಮ್ಮ ಶಾಫಿಈ ಮಝ್‌ಹಬ್ (ಧರ್ಮಶಾಸ್ತ್ರದ ಪಂಥ), ಹನಫಿ, ಮಾಲಿಕಿ ಮೂರೂ ಹೇಳುವುದು ಬೇರೆ. ನಮಾಝ್ ಕಡ್ಡಾಯವೇ ಅಲ್ಲ ಎಂದು ನಿರಾಕರಿಸಿದವನು ಹೊರಗೆ. ಕಡ್ಡಾಯ ಅಂತ ನಂಬಿಯೂ ಉದಾಸೀನದಿಂದ ಬಿಟ್ಟವನು ದೊಡ್ಡ ಪಾಪ ಮಾಡಿದ, ಆದರೂ ಮುಸ್ಲಿಮನೇ. ನಡುರಾತ್ರಿ ಎದ್ದು ಬಿಟ್ಟುಹೋದ ನಮಾಝ್ ಲೆಕ್ಕ ಹಾಕಿದವರು ನೀವು. ಕಡ್ಡಾಯ ಅಂತ ನಂಬದವರು ಹಾಗೆ ಮಾಡುವುದಿಲ್ಲ.

ಈಗ ಆ ಲೆಕ್ಕ. ಅಕೌಂಟ್ಸ್‌ನಲ್ಲಿದ್ದೂ ಲೆಕ್ಕ ತಪ್ಪಿಸಿದ್ದೀರಿ. ಮುಟ್ಟಿನ ದಿನಗಳನ್ನು ಕಳೆದೇ ಇಲ್ಲ. ಆ ದಿನಗಳ ಉಪವಾಸವನ್ನು ಆಮೇಲೆ ತೀರಿಸಲು ನಮಗೆ ಹೇಳಲಾಗುತ್ತಿತ್ತು, ನಮಾಝನ್ನು ತೀರಿಸಲು ಹೇಳುತ್ತಿರಲಿಲ್ಲ ಎಂದು ಪ್ರವಾದಿಯವರ ಪತ್ನಿ ಆಯಿಷಾ (ರ) ಅವರೇ ಹೇಳಿದ್ದಾರೆ. ತಿಂಗಳಿಗೆ ಏಳು ದಿನ ಅಂತ ಹಿಡಿಯಿರಿ. ಎರಡು ಹೆರಿಗೆಯ ನಂತರದ ಸುಮಾರು 40 ದಿನಗಳನ್ನೂ ಕಳೆಯಿರಿ. ಮಾಡಿರುವ 11 ರಮಳಾನ್‌ಗಳನ್ನು ಕಳೆಯಿರಿ. ಗರ್ಭಿಣಿಯಾಗಿದ್ದ ತಿಂಗಳುಗಳಲ್ಲಿ ಮುಟ್ಟಿಲ್ಲ, ಅವನ್ನು ಕಳೆಯುವ ಹಾಗಿಲ್ಲ. ನಾನು ಕಾಗದದ ಮೇಲೆ ಹಾಕಿ ನೋಡಿದೆ, ಹೆಚ್ಚುಕಡಿಮೆ 2,900 ದಿನ ಉಳಿಯಿತು. 14,500ರ ಆಸುಪಾಸು ನಮಾಝ್.

ಇದೂ ಕಡಿಮೆಯೇನಲ್ಲ, ಗೊತ್ತು. ಆದರೆ ಇದು ತೀರುವ ಸಾಲ. ನಿದ್ದೆಯಿಂದಲೋ ಮರೆವಿನಿಂದಲೋ ತಪ್ಪಿದರೆ ನೆನಪಾದ ಕೂಡಲೇ ಮಾಡಲಿ ಎಂದಿದ್ದಾರೆ ಪ್ರವಾದಿಯವರು. ಬೇಕೆಂದೇ ಬಿಟ್ಟದ್ದಕ್ಕೆ ಖಳಾ (ತಪ್ಪಿದ್ದನ್ನು ಆಮೇಲೆ ಮಾಡಿ ತೀರಿಸುವುದು) ಇಲ್ಲ, ತೌಬಾ (ಪಶ್ಚಾತ್ತಾಪ) ಮಾತ್ರ ಎಂದ ವಿದ್ವಾಂಸರೂ ಇದ್ದಾರೆ, ಇಬ್ನ್ ತೈಮಿಯ್ಯ ಅವರ ಹಾಗೆ. ಆದರೆ ನಾಲ್ಕೂ ಮಝ್‌ಹಬ್‌ಗಳ ಬಹುಪಾಲು ವಿದ್ವಾಂಸರ ಮಾತು ತೌಬಾವೂ ಬೇಕು, ಖಳಾವೂ ಬೇಕು ಎಂದು. ಮರೆತವನಿಗೇ ತೀರಿಸಲು ಹೇಳಿದ ಮೇಲೆ ಬೇಕೆಂದು ಬಿಟ್ಟವನಿಗೆ ವಿನಾಯಿತಿ ಎಲ್ಲಿಂದ ಬರುತ್ತದೆ ಎನ್ನುವುದು ಅವರ ತರ್ಕ. ನನಗೂ ಅದೇ ಸರಿ ಅನಿಸುತ್ತದೆ. ರಮಳಾನಿನ ಕೊನೆಯ ಶುಕ್ರವಾರ ಇಷ್ಟು ರಕಅತ್ (ನಮಾಝಿನ ಸುತ್ತು) ಮಾಡಿದರೆ ಇಡೀ ಜೀವನದ್ದು ಚುಕ್ತಾ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಅದಕ್ಕೆ ಆಧಾರವೇ ಇಲ್ಲ.

ಒಂದೊಂದು ಫರ್ಳ್ (ಕಡ್ಡಾಯ ನಮಾಝ್) ಜೊತೆ ಅದೇ ಹೊತ್ತಿನ ಒಂದು ಖಳಾ ಮಾಡಿ. ಫರ್ಳ್ ಮಾತ್ರ. ಮುಂಜಾನೆಯ ಸುಬಹಿಗೆ ಎರಡು ರಕಅತ್, ಸೂರ್ಯಾಸ್ತದ ಮಗ್ರಿಬ್‌ಗೆ ಮೂರು, ಉಳಿದ ಮೂರಕ್ಕೆ ನಾಲ್ಕು ನಾಲ್ಕು. ದಿನಕ್ಕೆ 17 ರಕಅತ್ ಜಾಸ್ತಿಯಾಗುತ್ತದೆ, ಎಲ್ಲ ಸೇರಿ ಅರ್ಧ ಗಂಟೆ. ಹೀಗೆ ಹೋದರೆ, ಮುಂದಿನ ಮುಟ್ಟಿನ ದಿನಗಳನ್ನೂ ಬಿಟ್ಟು, ಹತ್ತು ವರ್ಷದ ಆಚೀಚೆ ತೀರುತ್ತದೆ, ಒಂದೊಂದು ಹೊತ್ತಿಗೆ ಎರಡೆರಡು ಮಾಡಿದರೆ ಐದೇ ವರ್ಷ. ಶಾಫಿಈ ಕಿತಾಬುಗಳಲ್ಲಿ ಮಾತು ಬಿಗಿ ಇದೆ, ಕಾರಣವಿಲ್ಲದೆ ಬಿಟ್ಟದ್ದನ್ನು ತಡ ಮಾಡುವಂತಿಲ್ಲ. ಸುನ್ನತ್ (ಕಡ್ಡಾಯವಲ್ಲದ) ನಮಾಝಿನ ಸಮಯವನ್ನೂ ಖಳಾಕ್ಕೆ ಕೊಡಿ ಎಂದು ಉಸ್ತಾದರು ಹೇಳುವುದು ಅದಕ್ಕೇ. ಮನೆ, ಮಕ್ಕಳು, ಆಫೀಸು ನಡುವೆ ನಿಮ್ಮ ಕೈಲಿ ಎಷ್ಟಾಗುತ್ತದೆ ಎಂಬುದನ್ನು ಊರಿನ ಉಸ್ತಾದರ ಹತ್ತಿರ ಮಾತಾಡಿ. ಅಲ್ಲಾಹನಿಗೆ ಹೆಚ್ಚು ಪ್ರಿಯವಾದದ್ದು ಸಣ್ಣದಾದರೂ ಬಿಡದೆ ಮಾಡುವ ಕೆಲಸ ಅಂತ ಹದೀಸಿದೆ. ಒಂದು ವಾರ ಇಪ್ಪತ್ತಿಪ್ಪತ್ತು ಮಾಡಿ ಸುಸ್ತಾಗಿ ಎಲ್ಲವನ್ನೂ ಬಿಟ್ಟವರನ್ನು ನಾನು ನೋಡಿದ್ದೇನೆ.

ಆದರೆ ಖಳಾಕ್ಕಿಂತ ಮೊದಲು ಇಂದಿನದ್ದು. ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಹೆದರಿಕೆ ಹುಟ್ಟಿಸಿದ್ದು ಆ 20,075 ಅಲ್ಲ. ಲೆಕ್ಕ ಹಾಕಿದ ರಾತ್ರಿ ಇಶಾ (ರಾತ್ರಿಯ ನಮಾಝ್) ಹೊತ್ತು ಇನ್ನೂ ಇತ್ತಲ್ಲ, ಅದನ್ನು ಮಾಡಿದಿರಾ? ಪತ್ರದಲ್ಲಿ ಅದು ಎಲ್ಲೂ ಇಲ್ಲ. ಹಳೇ ಬಾಕಿ ನೋಡಿ ಗಾಬರಿಯಾಗಿ ಕೂತರೆ ಬಾಕಿಗೆ ಇನ್ನೊಂದು ಸೇರುತ್ತದೆ ಅಷ್ಟೇ.

ಆಫೀಸಿನ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ರಮಳಾನಿನಲ್ಲಿ ಅದೇ ಆಫೀಸು, ಅದೇ ಬಸ್ಸು, ಅದೇ ಮ್ಯಾನೇಜರು. ಆ ಫೈಲುಗಳ ರೂಮು ಉಳಿದ 11 ತಿಂಗಳೂ ಅಲ್ಲೇ ಇದೆ. ನಾಲ್ಕು ಗಂಟೆಯ ಟೀ ಹೊತ್ತಿನಲ್ಲಿ ಆರು ನಿಮಿಷ ಸಾಕು, ಅಸರ್ ಆಗುತ್ತದೆ. ಅಸರ್ ತಪ್ಪಿದವನು ಮನೆಯವರನ್ನೂ ಆಸ್ತಿಯನ್ನೂ ಕಳೆದುಕೊಂಡವನ ಹಾಗೆ ಎಂದಿದ್ದಾರೆ ಪ್ರವಾದಿಯವರು. ನಿಮ್ಮ ಕೈಯಿಂದ ಮೊದಲು ಜಾರಿದ್ದೂ ಅದೇ, ಮೊದಲು ಅದನ್ನೇ ಗಟ್ಟಿ ಮಾಡಿಕೊಳ್ಳಿ. ವುಳೂಗೆ, ಅಂದರೆ ನಮಾಝಿಗೆ ಮೊದಲಿನ ಅಂಗಶುದ್ಧಿಗೆ, ಸಿಂಕಿನಲ್ಲಿ ಕಾಲು ತೊಳೆಯಲು ಸಂಕೋಚ ಅಂತ ಬರೆದಿದ್ದೀರಿ. ಬ್ಯಾಗಿನಲ್ಲಿ ಒಂದು ಬಾಟಲಿ ಇಟ್ಟುಕೊಳ್ಳಿ, ಟಾಯ್ಲೆಟ್ ಒಳಗೇ ಕಾಲಿಗೆ ಸುರಿದುಕೊಳ್ಳಬಹುದು. ಪ್ರವಾದಿಯವರ ವುಳೂಗೆ ಒಂದು ಮುದ್ದ್ ನೀರು ಸಾಕಾಗುತ್ತಿತ್ತು, ಎರಡು ಕೈ ಸೇರಿಸಿದ ಬೊಗಸೆಯಷ್ಟು, ಒಂದು ಲೀಟರಿಗೂ ಕಡಿಮೆ. ಮಗ್ರಿಬ್ ಹೊತ್ತು ಕಿರಿದು. ಬಸ್ಸಿನಲ್ಲಿ ಸಿಕ್ಕಿಕೊಂಡರೆ ಹೋಯಿತು ಅಂತಲೇ. ಆದ್ದರಿಂದ ಬಾಂಗ್ (ಅಝಾನ್) ಆಗುವವರೆಗೆ ಹತ್ತು ನಿಮಿಷ ಆಫೀಸಿನಲ್ಲೇ ಕಾದು, ಮಾಡಿಕೊಂಡೇ ಹತ್ತಿ.

ನಾದಿನಿಗೆ ಯಾವ ವರದಿಯನ್ನೂ ಒಪ್ಪಿಸಬೇಕಿಲ್ಲ. ಬಿಟ್ಟ ನಮಾಝ್ ನಿಮ್ಮ ಮತ್ತು ಅಲ್ಲಾಹನ ನಡುವಿನ ವಿಷಯ. ತಪ್ಪನ್ನು ಊರಿಗೆಲ್ಲ ಹೇಳಿಕೊಂಡು ತಿರುಗುವುದನ್ನು ದೀನ್ (ಧರ್ಮ) ಇಷ್ಟಪಡುವುದಿಲ್ಲ. ಇನ್ನು ಉಮ್ಮ, ಮಗು, ಎರಡೂ ಆರು ತಿಂಗಳೊಳಗೆ. ನಿದ್ದೆ ಹೀಗೇ ಕೆಟ್ಟರೆ ಡಾಕ್ಟರನ್ನು ನೋಡಿ, ಸುಮ್ನೆ ಸಹಿಸಿಕೊಂಡು ಕೂರಬೇಡಿ.

ಉಮ್ಮನಿಗೆ ಹೇಳಿದ ಸುಳ್ಳು ನಿಮ್ಮನ್ನು ಎಲ್ಲಕ್ಕಿಂತ ಹೆಚ್ಚು ಕೊರೆಯುತ್ತಿದೆ. ಅದನ್ನು ವಾಪಸ್ ತೆಗೆಯಲು ಆಗುವುದಿಲ್ಲ. ಅದಕ್ಕೂ ಅಲ್ಲಾಹನಲ್ಲಿ ಕ್ಷಮೆ ಕೇಳಿ. ಆದರೆ ಸತ್ತವರಿಗೆ ತಲುಪುವ ಮೂರು ವಿಷಯಗಳಲ್ಲಿ ಒಂದು, ಅವರಿಗಾಗಿ ಪ್ರಾರ್ಥಿಸುವ ಒಳ್ಳೆಯ ಮಕ್ಕಳು. ಕುರ್‌ಆನಿನಲ್ಲಿ ಇಬ್ರಾಹೀಮ್ ನಬಿಯವರ (ಪ್ರವಾದಿಯವರ) ಒಂದು ದುಆ (ಪ್ರಾರ್ಥನೆ) ಇದೆ, ಅವರದೇ ಹೆಸರಿನ ಸೂರಾದಲ್ಲಿ. ‘ಪ್ರಭೂ, ನನ್ನನ್ನೂ ನನ್ನ ಸಂತತಿಯನ್ನೂ ನಮಾಝ್ ಉಳಿಸಿಕೊಳ್ಳುವವರನ್ನಾಗಿ ಮಾಡು’ ಅಂತ ಶುರುವಾಗುತ್ತದೆ. ಅದರ ಬೆನ್ನಿಗೇ ‘ಲೆಕ್ಕದ ದಿನ ನನ್ನನ್ನೂ ನನ್ನ ತಂದೆತಾಯಿಯನ್ನೂ ಕ್ಷಮಿಸು’ ಅಂತ ಬರುತ್ತದೆ.

ರಾತ್ರಿ ಒಂಬತ್ತಕ್ಕೆ ಈಗಲೂ ಕೈ ಫೋನಿನ ಕಡೆ ಹೋಗುತ್ತದೆ ಅಂತ ಬರೆದಿದ್ದೀರಿ. ಆ ಹೊತ್ತನ್ನು ಇಶಾಕ್ಕೆ ಕೊಡಿ. ಕಪಾಟಿನಿಂದ ಮುಸಲ್ಲಾ ತೆಗೆಯಿರಿ, ಮಕ್ಕಳು ಪಕ್ಕದಲ್ಲಿ ಬಂದು ನಿಂತರೆ ನಿಲ್ಲಲಿ. ಕೊನೆಯ ಅತ್ತಹಿಯ್ಯಾತಿನಲ್ಲಿ (ನಮಾಝಿನ ಕೊನೆಗೆ ಕೂತು ಹೇಳುವ ಭಾಗದಲ್ಲಿ) ಸಲಾಮ್ ಕೊಡುವ ಮೊದಲು ಈ ದುಆ ಹೇಳಿ. ನಾಳೆ ಬೆಳಿಗ್ಗೆ ಸುಬಹಿ ಇದೆ, ಫೋನಿನಲ್ಲಿ ಅಲಾರಂ ಇಟ್ಟೇ ಮಲಗಿ.