ಪ್ರತಿಕ್ರಿಯೆ: ‘ವರ್ಕ್’ ಚಿತ್ರದ ಐರಿಷ್ ವಲಸಿಗರು

ಇಂಗ್ಲಿಷ್ ಚಿತ್ರಕಾರ ಫೋರ್ಡ್ ಮ್ಯಾಡಾಕ್ಸ್ ಬ್ರೌನ್ ಅವರ ‘ವರ್ಕ್’ (ದುಡಿಮೆ) ಎಂಬ ವರ್ಣಚಿತ್ರದಲ್ಲಿರುವ ಬಡವರು ಕಲ್ಪಿತರೇ ಅಥವಾ ನಿಜವಾದ ಕಾರ್ಮಿಕರು ಅವರಿಗೆ ಮಾದರಿಗಳಾಗಿ ನಿಂತಿದ್ದರೇ ಎಂದು ತಾವು ಕೇಳಿದ್ದೀರಿ. ನಿಜವಾದ ಬಡವರೇ ನಿಂತಿದ್ದರು. 1852ರಲ್ಲಿ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನ ಹೀತ್ ಸ್ಟ್ರೀಟಿನಲ್ಲಿ ನೆಲ ಅಗೆಯುತ್ತಿದ್ದ ಕೂಲಿಕಾರರನ್ನು ಕಂಡು ಈ ಚಿತ್ರವನ್ನು ಆರಂಭಿಸಿದ ಬ್ರೌನ್, ದಿಬ್ಬದ ಮರದ ನೆರಳಿನಲ್ಲಿ ಕೂಸಿಗೆ ಉಣಿಸುತ್ತಿರುವ ಐರಿಷ್ ದಂಪತಿಯಂಥವರಿಗೆ ಮಾದರಿಗಳನ್ನು ಹುಡುಕಿಕೊಂಡು, ಬಡ ಐರಿಷ್ ವಲಸಿಗರು ವಾಸಿಸುತ್ತಿದ್ದ ಲಂಡನ್ನಿನ ಗ್ರೇಸ್ ಇನ್ ಲೇನ್ ಬೀದಿಯ ಕಡೆಗೆ ಸ್ವತಃ ಹೋಗಿದ್ದರು. 1845ರಿಂದ ಆಲೂಗಡ್ಡೆ ಬೆಳೆ ನಾಶವಾಗಿ ಬಂದ ಮಹಾ ಕ್ಷಾಮ ಲಕ್ಷಾಂತರ ಐರಿಷ್ ಜನರನ್ನು ಊರು ಬಿಡಿಸಿತ್ತು. ದಿನಗೂಲಿಯೂ ಖಚಿತವಿಲ್ಲದ ಇಂಥವರಿಗೆ ಚಿತ್ರಕಾರನ ಮುಂದೆ ಅಲುಗಾಡದೆ ನಿಲ್ಲುವುದೂ ದುಡಿಮೆಯೇ ಆಗಿತ್ತೆಂದು ನಾನು ಭಾವಿಸುತ್ತೇನೆ.

ನನ್ನನ್ನು ಬಹಳವಾಗಿ ಕಾಡುವುದು ಚಿತ್ರದೊಳಗಿನ ತಾರತಮ್ಯ: ಬಲಬದಿಯಲ್ಲಿ ಬುದ್ಧಿಜೀವಿಗಳಾಗಿ ನಿಂತಿರುವ ಲೇಖಕ ಥಾಮಸ್ ಕಾರ್ಲೈಲ್ ಮತ್ತು ಪಾದ್ರಿ, ಸಮಾಜ ಸುಧಾರಕ ಎಫ್. ಡಿ. ಮಾರಿಸ್ ಅವರನ್ನು ಎಲ್ಲರೂ ಹೆಸರು ಹಿಡಿದು ಗುರುತಿಸುತ್ತಾರೆ. ಕಾರ್ಲೈಲ್ ಅವರನ್ನಂತೂ ಛಾಯಾಚಿತ್ರದ ನೆರವಿನಿಂದ ಚಿತ್ರಿಸಲಾಯಿತು. ಮೈಯೊಡ್ಡಿ ನಿಂತ ವಲಸಿಗರು ಮಾತ್ರ ಬರಿಯ ‘ಐರಿಷ್’ ಆಗಿ ಉಳಿದರು. ಬ್ರೌನ್ ಬರೆದ ಈ ಚಿತ್ರದ ಎರಡು ಆವೃತ್ತಿಗಳಲ್ಲಿ ದೊಡ್ಡದು ಮ್ಯಾಂಚೆಸ್ಟರ್ ಆರ್ಟ್ ಗ್ಯಾಲರಿಯಲ್ಲಿದೆ, ಚಿಕ್ಕದು ಬರ್ಮಿಂಗ್‌ಹ್ಯಾಮ್‌ನಲ್ಲಿದೆ.